ಹೆಸರು ಕಳೆದುಕೊಂಡ ತಾಯಿ



ವಾರಪತ್ರಿಕೆ ಮನೆಗೆ ಬಂದೊಡನೆ ನೀವು ಮೊದಲು ತಿರುವುವ ಪುಟ ಯಾವುದು? ಹಲವರ ಉತ್ತರ ಒಂದೇ: ಧಾರಾವಾಹಿಯ ಪುಟ! ನಾಯಕಿಯ ಮದುವೆ ನಡೆಯಿತೋ ಮುರಿಯಿತೋ, ಮುಚ್ಚಿಟ್ಟ ಗುಟ್ಟು ಬಯಲಾಯಿತೋ ಇಲ್ಲವೋ ಎಂದು ತಿಳಿಯುವವರೆಗೆ ಒಲೆಯ ಮೇಲಿಟ್ಟ ಹಾಲಿನ ನೆನಪೂ ನಮಗಿರುವುದಿಲ್ಲ. ಕಥೆಯಲ್ಲಿನ ಹೆಣ್ಣಿಗಾಗಿ ಕಣ್ಣೀರು ಹಾಕುತ್ತೇವೆ. ಆದರೆ ಆ ಕಥೆಯನ್ನು ಬರೆದ ಹೆಣ್ಣಿನ ಮನೆಯಲ್ಲಿ ಅಂದು ಒಲೆ ಹೊತ್ತಿತೇ ಎಂದು ಕೇಳಿದವರು ಎಷ್ಟು ಮಂದಿ?

ಇಂದು ಅಂಥ ಒಬ್ಬ ತಾಯಿಯ ಜೀವನವನ್ನು ನಿಮ್ಮ ಮುಂದಿಡುತ್ತಿದ್ದೇವೆ. ಆಕೆ ಬರೆದ ಪ್ರೇಮ ಕಾದಂಬರಿಗಳನ್ನು ಇಂಗ್ಲೆಂಡ್, ಅಮೆರಿಕಗಳಲ್ಲಿ ಅಸಂಖ್ಯಾತ ಜನ ಓದಿದರು. ಆಕೆ ತೀರಿಹೋದ ಮೇಲೂ ಅವು ಅಚ್ಚಾಗುತ್ತಲೇ ಇದ್ದವು. ಅಮೆರಿಕದ ಓದುಗರಿಗೆ ಆಕೆ ಬರ್ತಾ ಎಂ. ಕ್ಲೇ. ಆದರೆ ಆ ಹೆಸರಿನ ಹೆಂಗಸು ಈ ಭೂಮಿಯ ಮೇಲೆ ಬದುಕಿರಲೇ ಇಲ್ಲ! ಅದು ಪ್ರಕಾಶಕರು ಹುಟ್ಟಿಸಿದ ಹೆಸರು. ಅದರ ಹಿಂದಿದ್ದ ನಿಜವಾದ ತಾಯಿಯ ಹೆಸರು ಷಾರ್ಲೆಟ್ ಮೇರಿ ಬ್ರೇಮ್.

ಸಕಲ ಸಂತರ ಹಬ್ಬದಂದು ಹುಟ್ಟಿದ ಮಗು

ಇಂಗ್ಲೆಂಡಿನ ಲೆಸ್ಟರ್‌ಷೈರ್ ಪ್ರಾಂತ್ಯದಲ್ಲಿ ಹಿಂಕ್ಲಿ ಎಂಬ ಊರಿದೆ. ಕಾಲುಚೀಲ ಹೆಣೆಯುವ ಮಗ್ಗಗಳಿಗೆ ಅದು ಆಗ ಹೆಸರುವಾಸಿಯಾಗಿತ್ತು. ಅಲ್ಲಿ 1836ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನವೇ, ಬೆಂಜಮಿನ್ ಲಾ ಮತ್ತು ಷಾರ್ಲೆಟ್ ಆಗ್ನೆಸ್ ದಂಪತಿಗೆ ಒಂದು ಹೆಣ್ಣುಮಗು ಹುಟ್ಟಿತು. ತಾಯಿಯ ಹೆಸರನ್ನೇ ಮಗುವಿಗೂ ಇಟ್ಟರು. ದೈವಭಕ್ತಿಯುಳ್ಳ ಕಥೋಲಿಕ ಮನೆತನ ಅದು.

ಆಗಿನ ಇಂಗ್ಲೆಂಡಿನಲ್ಲಿ ಕಥೋಲಿಕರಾಗಿ ಬಾಳುವುದು ಸುಲಭದ ಮಾತಾಗಿರಲಿಲ್ಲ. ಕಥೋಲಿಕರು ಪಾರ್ಲಿಮೆಂಟಿಗೆ ಆರಿಸಿಬರಲು ಅವಕಾಶ ಕೊಟ್ಟ ಕಾನೂನು ಬಂದದ್ದೇ 1829ರಲ್ಲಿ, ಷಾರ್ಲೆಟ್ ಹುಟ್ಟುವ ಏಳು ವರ್ಷ ಮೊದಲು. ಆ ದೇಶಕ್ಕೆ ಮತ್ತೆ ಕಥೋಲಿಕ ಧರ್ಮಪ್ರಾಂತ್ಯಗಳು ದೊರೆತದ್ದು 1850ರಲ್ಲಿ. ಅಂಥ ಕಾಲದಲ್ಲಿ ಈ ಹುಡುಗಿ ಕನ್ಯಾಮಠದ ಶಾಲೆಗಳಲ್ಲಿ ಓದು ಕಲಿತಳು. ಬೆಳೆದ ಮೇಲೆ ಶ್ರೀಮಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯಿನಿಯಾಗಿ ದುಡಿದಳು.

ಆ ಕೆಲಸದ ಸ್ಥಿತಿಯನ್ನು ಸ್ವಲ್ಪ ಯೋಚಿಸಿ ನೋಡಿ. ಮನೆಪಾಠದ ಉಪಾಧ್ಯಾಯಿನಿ ಆಳೂ ಅಲ್ಲ, ಒಡತಿಯೂ ಅಲ್ಲ. ಬಂಗಲೆಯಲ್ಲಿ ವಾಸ, ಆದರೆ ಬಂಗಲೆಯವರ ಪಂಕ್ತಿಯಲ್ಲಿ ಸ್ಥಾನವಿಲ್ಲ. ದೊಡ್ಡವರ ಮಾತು, ಉಡುಪು, ಜಂಬ, ಅಳು ಎಲ್ಲವನ್ನೂ ಹತ್ತಿರದಿಂದ ಕಾಣುವ ಭಾಗ್ಯ ಆಕೆಯದು. ಸುಮ್ಮನಿರಬೇಕಾದ ಕರ್ಮವೂ ಆಕೆಯದೇ. ಮುಂದೆ ಷಾರ್ಲೆಟ್‌ಳ ಕಾದಂಬರಿಗಳಲ್ಲಿ ಪ್ರಭುಗಳ ಬಂಗಲೆಗಳೂ ಅವುಗಳ ಬಾಗಿಲಲ್ಲಿ ನಿಂತ ಬಡ ಹೆಣ್ಣುಮಕ್ಕಳೂ ಮತ್ತೆ ಮತ್ತೆ ಬರುತ್ತಾರೆ.

ಆಕೆಯ ಆರಂಭದ ಕಥೆಗಳು ಅಚ್ಚಾದದ್ದು ಕಥೋಲಿಕ ಪತ್ರಿಕೆಯಲ್ಲಿಯೇ. ದಿ ಲ್ಯಾಂಪ್, ಅಂದರೆ ದೀಪ, ಎಂಬುದು ಅದರ ಹೆಸರು. ದಯಾಮಯಿ ಭಗಿನಿಯೊಬ್ಬರ ದಿನಚರಿಯ ರೂಪದಲ್ಲಿ ಹೆಣೆದ ಆಕೆಯ ಕಥೆಗಳು 1868ರಲ್ಲಿ ಪುಸ್ತಕವಾಗಿ ಬಂದವು. ರೋಗಿಗಳ, ಬಡವರ ಹಾಸಿಗೆಯ ಬಳಿ ಕುಳಿತ ಕನ್ಯಾಸ್ತ್ರೀಯ ಕಣ್ಣಿನಿಂದ ಲೋಕವನ್ನು ನೋಡುವ ಕಥೆಗಳು ಅವು. ಈ ಲೇಖಕಿಯ ಮೊದಲ ಓದುಗರು ನಿಮ್ಮಂಥವರೇ ಆಗಿದ್ದರು!

ಎತ್ತು ಏರಿಗೆ, ಕೋಣ ನೀರಿಗೆ

1863ರ ಜನವರಿಯಲ್ಲಿ ಷಾರ್ಲೆಟ್‌ಳ ವಿವಾಹವಾಯಿತು. ವರ ಫಿಲಿಪ್ ಎಡ್ವರ್ಡ್ ಬ್ರೇಮ್, ಲಂಡನ್ನಿನ ಒಡವೆ ವ್ಯಾಪಾರಿ. ಒಡವೆಯ ಅಂಗಡಿಯ ಯಜಮಾನನ ಹೆಂಡತಿ ಎಂದರೆ ಮೈತುಂಬ ಚಿನ್ನ, ಮನೆತುಂಬ ಆಳುಕಾಳು ಎಂದು ಯಾರಾದರೂ ಊಹಿಸುತ್ತಾರೆ. ಆದದ್ದೇ ಬೇರೆ. ಫಿಲಿಪ್‌ನಿಗೆ ವ್ಯಾಪಾರ ಕೈಹತ್ತಲಿಲ್ಲ, ಕುಡಿತ ಕೈಹಿಡಿಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯಂತಾಯಿತು ಆ ಸಂಸಾರ.

ಒಂಬತ್ತು ಮಕ್ಕಳು ಹುಟ್ಟಿದರು. ಬೆಳೆದು ಉಳಿದವರು ನಾಲ್ವರೇ. ಐದು ಮಕ್ಕಳನ್ನು ಕಳೆದುಕೊಂಡ ತಾಯಿಯ ನೋವನ್ನು ಈ ಪುಟದಲ್ಲಿ ವಿವರಿಸಬೇಕಾಗಿಲ್ಲ. ಓದುಗರಲ್ಲಿ ತಾಯಂದಿರೂ ಇದ್ದೀರಿ. ಲಂಡನ್, ಮ್ಯಾಂಚೆಸ್ಟರ್, ಬ್ರೈಟನ್ ಎಂದು ಸಂಸಾರ ಊರಿಂದೂರಿಗೆ ಸಾಗಿತು. ಎಲ್ಲಿಗೆ ಹೋದರೂ ಆಕೆಯ ಲೇಖನಿ ಮಾತ್ರ ನಿಲ್ಲಲಿಲ್ಲ. ನಿಲ್ಲುವಂತೆಯೂ ಇರಲಿಲ್ಲ! ಅದು ನಿಂತರೆ ಮನೆಯ ಅನ್ನ ನಿಲ್ಲುತ್ತಿತ್ತು. ಕೀರ್ತಿಗಾಗಿ ಬರೆಯುವವರಿದ್ದಾರೆ, ಹವ್ಯಾಸಕ್ಕಾಗಿ ಬರೆಯುವವರಿದ್ದಾರೆ. ಷಾರ್ಲೆಟ್ ಬರೆದದ್ದು ಮಕ್ಕಳ ಹೊಟ್ಟೆಗಾಗಿ.

ಇಲ್ಲೊಂದು ಮಾತನ್ನು ನಮ್ಮ ಸೋದರಿಯರು ಗಮನಿಸಬೇಕು. ಆಕೆ ಮದುವೆಯಾದ ಕಾಲಕ್ಕೆ ಇಂಗ್ಲೆಂಡಿನ ಕಾನೂನಿನಲ್ಲಿ ಹೆಂಡತಿಯ ದುಡಿಮೆಯ ಹಣ ಗಂಡನದೇ ಆಗಿತ್ತು. ವಿವಾಹಿತ ಹೆಂಗಸು ತಾನು ದುಡಿದದ್ದನ್ನು ತನ್ನದೆಂದು ಇಟ್ಟುಕೊಳ್ಳಬಹುದು ಎಂದು ಹೇಳಿದ ಮೊದಲ ಕಾಯಿದೆ 1870ರದು. ಅಲ್ಲಿಯವರೆಗೆ, ಹೆಂಡತಿ ರಾತ್ರಿ ಹಗಲು ದುಡಿದು ತಂದದ್ದನ್ನು ಗಂಡ ಹೆಂಡದಂಗಡಿಗೆ ಸುರಿದರೂ ಕೇಳುವ ಹಕ್ಕು ಆಕೆಗಿರಲಿಲ್ಲ.

ಡೋರಾ ಥಾರ್ನ್

ಆ ಕಾಯಿದೆ ಬಂದ ಮರುವರ್ಷ, 1871ರಲ್ಲಿ, ಷಾರ್ಲೆಟ್‌ಳ ಹೆಸರಾಂತ ಕಾದಂಬರಿ ಡೋರಾ ಥಾರ್ನ್ ಹೊರಬಂತು. ಫ್ಯಾಮಿಲಿ ಹೆರಾಲ್ಡ್ ಎಂಬ ಲಂಡನ್ನಿನ ವಾರಪತ್ರಿಕೆಯಲ್ಲಿ ಅದು ಧಾರಾವಾಹಿಯಾಗಿ ಪ್ರಕಟವಾಯಿತು. ಒಂದು ಪೆನ್ನಿಗೆ ಸಿಗುತ್ತಿದ್ದ ಆ ಪತ್ರಿಕೆಯನ್ನು ಗುಮಾಸ್ತರು, ದರ್ಜಿ ಕೆಲಸದ ಹೆಣ್ಣುಮಕ್ಕಳು, ಮನೆಗೆಲಸದವರು, ಗೃಹಿಣಿಯರು ಓದುತ್ತಿದ್ದರು.

ಕಥೆ ಹೀಗಿದೆ. ಅರ್ಲ್ ಮನೆತನದ ವಾರಸುದಾರ ರೊನಾಲ್ಡ್, ಬಂಗಲೆಯ ಹೆಬ್ಬಾಗಿಲು ಕಾಯುವವನ ಮಗಳು ಡೋರಾಳನ್ನು ಪ್ರೀತಿಸಿ ಗುಟ್ಟಾಗಿ ಮದುವೆಯಾಗುತ್ತಾನೆ. ವಿಷಯ ತಿಳಿದ ತಂದೆ ಅವನನ್ನು ಮನೆಯಿಂದ ಹೊರಹಾಕುತ್ತಾನೆ. ದಂಪತಿ ಇಟಲಿಗೆ ಹೋಗುತ್ತಾರೆ. ಅಲ್ಲಿ ಬಡತನ, ಅಂತಸ್ತಿನ ಅಂತರ, ಸಂಶಯ. ಗಂಡ ಬೇರೊಬ್ಬ ಮಹಿಳೆಯೊಂದಿಗೆ ಆಡುವ ಮಾತನ್ನು ಡೋರಾ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಾಳೆ. ಅಷ್ಟಕ್ಕೇ ಗಂಡ ಅವಳನ್ನು ತ್ಯಜಿಸಿ ದೂರದೇಶಕ್ಕೆ ಹೊರಟುಹೋಗುತ್ತಾನೆ. ಅವಳಿ ಹೆಣ್ಣುಮಕ್ಕಳನ್ನು ಎತ್ತಿಕೊಂಡು ಡೋರಾ ತವರು ಸೇರುತ್ತಾಳೆ. ವರ್ಷಗಳ ನಂತರ ಆ ಮಕ್ಕಳಲ್ಲೊಬ್ಬಳು, ಬಿಯಾಟ್ರಿಸ್, ತಾನೂ ಒಂದು ಗುಟ್ಟಿನ ವಾಗ್ದಾನಕ್ಕೆ ಸಿಕ್ಕಿಬಿದ್ದು, ತಂದೆಗೆ ಹೇಳಲು ಹೆದರಿ, ಕೊನೆಗೆ ಕೆರೆಯ ಪಾಲಾಗುತ್ತಾಳೆ. ಮಗಳ ಸಾವಿನ ನಂತರವೇ ತಂದೆತಾಯಿ ಮತ್ತೆ ಒಂದಾಗುತ್ತಾರೆ.

ಇದು ಮಹಾಕಾವ್ಯವಲ್ಲ, ಒಪ್ಪೋಣ. ಅಳು ಹೆಚ್ಚು, ಆಕಸ್ಮಿಕಗಳು ಹೆಚ್ಚು. ಆದರೆ ಈ ಕಥೆಯನ್ನು ಕೇವಲ ಪ್ರೇಮದ ಮಾತು ಎಂದು ತಳ್ಳಿಹಾಕಬೇಡಿ. ಗಂಡ ಹೆಂಡಿರ ನಡುವೆ ಸುಳ್ಳು ಹೊಕ್ಕರೆ ಅದರ ಸಾಲವನ್ನು ಮಕ್ಕಳು ತೀರಿಸಬೇಕಾಗುತ್ತದೆ. ಕ್ಷಮಿಸಲಾರದ ಅಭಿಮಾನ ಮನೆಯನ್ನು ಸುಡುತ್ತದೆ. ಅಂದಿನ ಹೆಂಗಸರು ಅದನ್ನು ಓದಿ ಅತ್ತದ್ದು, ಅದು ತಮ್ಮ ಮನೆಯ ಮಾತೂ ಆಗಿದ್ದರಿಂದ ಅಲ್ಲವೇ? ಮನೆಯಲ್ಲಿ ಕುಡುಕ ಗಂಡನೊಡನೆ ಏಗುತ್ತಲೇ ಆಕೆ ಮದುವೆಯ ಪಾವಿತ್ರ್ಯದ ಬಗ್ಗೆ ಕಥೆ ಹೆಣೆಯುತ್ತಿದ್ದಳು ಎಂಬುದನ್ನು ಅವರು ಮಾತ್ರ ಅರಿಯರು.

ಲೇಖಕಿಯ ಹೆಸರೂ ಅವರಿಗೆ ಗೊತ್ತಿರಲಿಲ್ಲ. ಫ್ಯಾಮಿಲಿ ಹೆರಾಲ್ಡ್‌ನಲ್ಲಿ ಕಥೆಗಳಿಗೆ ಬರೆದವರ ಹೆಸರು ಹಾಕುವ ಪದ್ಧತಿ ಇರಲಿಲ್ಲ. ಮುಂದಿನ ಕೃತಿಗಳಿಗೆ ಡೋರಾ ಥಾರ್ನ್ ಬರೆದವರಿಂದ ಎಂಬ ಒಕ್ಕಣೆಯಷ್ಟೇ ಇರುತ್ತಿತ್ತು. ಮಗಳ ಹೆಸರಿನಿಂದ ತಾಯಿಯನ್ನು ಕರೆಯುವಂತೆ!

ಹತ್ತು ಸೆಂಟಿನ ಕಾದಂಬರಿಗಳು

ಈಗ ಅಟ್ಲಾಂಟಿಕ್ ಸಾಗರ ದಾಟಿ ಅಮೆರಿಕಕ್ಕೆ ಹೋಗೋಣ. ಷಾರ್ಲೆಟ್‌ಳ ಕಥೆಗಳು ಅಲ್ಲಿಗೆ ಹೋದದ್ದು ಹಾಗೆಯೇ, ಆಕೆಯ ಕೈಬಿಟ್ಟು.

1860ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನ ಬೀಡಲ್ ಪ್ರಕಾಶನ ಹತ್ತು ಸೆಂಟಿನ ಒಂದು ಪುಟ್ಟ ಕಾದಂಬರಿಯನ್ನು ಮಾರುಕಟ್ಟೆಗೆ ತಂದಿತು. ಹತ್ತು ಸೆಂಟಿನ ನಾಣ್ಯಕ್ಕೆ ಅಲ್ಲಿ ಡೈಮ್ ಎನ್ನುತ್ತಾರೆ. ಆದ್ದರಿಂದಲೇ ಡೈಮ್ ನಾವೆಲ್ ಎಂಬ ಹೆಸರು ಬಂತು. ಆ ಮೊದಲ ಪುಸ್ತಕವನ್ನು ಬರೆದವರೂ ಮಹಿಳೆಯೇ: ಆನ್ ಎಸ್. ಸ್ಟೀಫನ್ಸ್. ರೈಲು ಬಂತು, ಉಗಿಯ ಅಚ್ಚುಯಂತ್ರ ಬಂತು, ಅಗ್ಗದ ಕಾಗದ ಬಂತು, ಶಾಲೆ ಕಲಿತ ಬಡವರ ಸಂಖ್ಯೆ ಹೆಚ್ಚಿತು. ಕಾರ್ಖಾನೆಯ ಹುಡುಗಿಯರೂ ಹೊಲಿಗೆಯ ಹೆಂಗಸರೂ ತಮ್ಮ ಸಂಬಳದ ಒಂದು ನಾಣ್ಯ ಕೊಟ್ಟು ಕಥೆ ಕೊಳ್ಳತೊಡಗಿದರು. ಅಗ್ಗದ ಪುಸ್ತಕಗಳ ಜೊತೆಗೆ ಬರಿಯ ಕಥೆಗಳಿಗೇ ಮೀಸಲಾದ ವಾರಪತ್ರಿಕೆಗಳೂ ಬೆಳೆದವು. ಸ್ಟ್ರೀಟ್ ಅಂಡ್ ಸ್ಮಿತ್ ಸಂಸ್ಥೆಯ ನ್ಯೂಯಾರ್ಕ್ ವೀಕ್ಲಿ ಅವುಗಳಲ್ಲಿ ಮುಂಚೂಣಿಯದು.

ವಾರ ವಾರವೂ ಪುಟ ತುಂಬಬೇಕು. ಅಷ್ಟು ಕಥೆ ಎಲ್ಲಿಂದ ತರುವುದು? ಪ್ರಕಾಶಕರಿಗೆ ಸುಲಭದ ದಾರಿಯೊಂದಿತ್ತು. 1790ರ ಅಮೆರಿಕದ ಹಕ್ಕುಸ್ವಾಮ್ಯ ಕಾಯಿದೆ ಆ ದೇಶದ ಪ್ರಜೆಗಳಿಗೂ ನಿವಾಸಿಗಳಿಗೂ ಮಾತ್ರ ರಕ್ಷಣೆ ಕೊಟ್ಟಿತ್ತು. ಹೊರದೇಶದ ಲೇಖಕರ ಪುಸ್ತಕವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದಾಗಿತ್ತು. ಒಪ್ಪಿಗೆ ಕೇಳಬೇಕಾಗಿಲ್ಲ, ಹಣ ಕೊಡಬೇಕಾಗಿಲ್ಲ. ಚಾರ್ಲ್ಸ್ ಡಿಕನ್ಸ್‌ರಂಥ ದೊಡ್ಡ ಲೇಖಕರೇ 1842ರಲ್ಲಿ ಅಮೆರಿಕಕ್ಕೆ ಹೋಗಿ ಇದರ ವಿರುದ್ಧ ಮಾತಾಡಿ ಬೈಸಿಕೊಂಡು ಬಂದಿದ್ದರು. ಹಿಂಕ್ಲಿಯ ಬಡ ಷಾರ್ಲೆಟ್‌ಳನ್ನು ಕೇಳುವವರಾರು?

1870ರ ದಶಕದಲ್ಲಿ ಸ್ಟ್ರೀಟ್ ಅಂಡ್ ಸ್ಮಿತ್ ಆಕೆಯ ಕಥೆಗಳನ್ನು ಬರ್ತಾ ಎಂ. ಕ್ಲೇ ಎಂಬ ಹೆಸರಿನಲ್ಲಿ ಪ್ರಕಟಿಸತೊಡಗಿತು. ಈ ಹೆಸರಿನ ಜಾಣತನ ನೋಡಿ! ಷಾರ್ಲೆಟ್ ಎಂ. ಬ್ರೇಮ್ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು ಸಿ, ಎಂ, ಬಿ. ಅವನ್ನು ತಿರುವಿ ಹಾಕಿದರೆ ಬಿ, ಎಂ, ಸಿ: ಬರ್ತಾ ಎಂ. ಕ್ಲೇ. ಅಂಗಿಯನ್ನು ಒಳಹೊರಗು ಮಾಡಿ ತೊಟ್ಟಂತೆ ಒಬ್ಬ ಹೆಂಗಸಿನ ಹೆಸರನ್ನೇ ತಿರುವಿಬಿಟ್ಟರು. ಬೇರೆ ಪ್ರಕಾಶಕರೂ ಆಕೆಯ ಕಾದಂಬರಿಗಳನ್ನು ಹತ್ತಿಪ್ಪತ್ತು ಸೆಂಟಿಗೆ ಮಾರಿದರು. ಕೆಲವರು ಆಕೆಯ ನಿಜವಾದ ಹೆಸರು ಹಾಕಿದರೂ ಅಕ್ಷರ ತಪ್ಪಿಸಿದರು.

ಕಾನೂನಿನ ಕಣ್ಣಿನಲ್ಲಿ ಇದು ಕಳ್ಳತನವಲ್ಲ. ಆದರೆ ಕಾನೂನು ಒಪ್ಪಿದ್ದೆಲ್ಲ ನ್ಯಾಯವೇ? ದುಡಿದವರ ಕೂಲಿಯನ್ನು ತಡೆಹಿಡಿಯುವುದು ದೇವರಿಗೆ ಮೊರೆಯಿಡುವ ಪಾಪ ಎಂದು ಧರ್ಮೋಪದೇಶದಲ್ಲಿ ನಾವು ಕಲಿತಿದ್ದೇವೆ. ಆ ಪಾಪಕ್ಕೆ ರಸೀದಿ ಇದ್ದರೂ ಅದು ಪಾಪವೇ.

ಅದೇ ದುಡಿಮೆ, ಬೇರೆ ಫಲ

ಪ್ರೇಮಕಥೆ ಬರೆದವರೆಲ್ಲ ಬಡತನದಲ್ಲೇ ಕೊನೆಗಂಡರು ಎಂದು ತಿಳಿಯಬೇಡಿ. ಹೋಲಿಕೆಗೆ ಇನ್ನೊಬ್ಬ ಕಥೋಲಿಕ ಲೇಖಕಿಯನ್ನು ನೋಡಿ. ಮೇ ಆಗ್ನೆಸ್ ಫ್ಲೆಮಿಂಗ್, 1840ರಲ್ಲಿ ಕೆನಡಾದ ಸೇಂಟ್ ಜಾನ್ ಊರಿನಲ್ಲಿ ಐರಿಷ್ ಮನೆತನದಲ್ಲಿ ಹುಟ್ಟಿದವಳು. ಅವಳೂ ಕನ್ಯಾಮಠದ ಶಾಲೆಯಲ್ಲಿ ಕಲಿತವಳು. ಅವಳು ಅಮೆರಿಕದ ಪತ್ರಿಕೆಗಳೊಡನೆ ನೇರವಾಗಿ ಕರಾರು ಮಾಡಿಕೊಂಡು ಬರೆದಳು, ಕೊನೆಗೆ ನ್ಯೂಯಾರ್ಕ್ ಪಕ್ಕದ ಬ್ರೂಕ್ಲಿನ್‌ನಲ್ಲೇ ನೆಲೆಸಿದಳು. ವರ್ಷಕ್ಕೆ 10,000 ಡಾಲರಿಗೂ ಹೆಚ್ಚು ಸಂಪಾದಿಸಿದಳು. ಅವಳ ದಾಂಪತ್ಯವೂ ಸುಖದ್ದಾಗಿರಲಿಲ್ಲ. 1880ರಲ್ಲಿ, ನಲವತ್ತು ತುಂಬುವ ಮೊದಲೇ, ಅವಳು ತೀರಿಕೊಂಡಳು. ಆದರೆ ತನ್ನ ದುಡಿಮೆಯ ಹಣ ಗಂಡನ ಕೈಗೆ ಹೋಗದೆ ಮಕ್ಕಳಿಗೇ ಸೇರುವಂತೆ ಉಯಿಲು ಬರೆದಿಟ್ಟಿದ್ದಳು.

ಇಬ್ಬರೂ ಒಂದೇ ಬಗೆಯ ಕಥೆ ಬರೆದವರು. ಇಬ್ಬರನ್ನೂ ಓದಿದವರು ಅದೇ ಹುಡುಗಿಯರು. ಅಮೆರಿಕದಲ್ಲಿ ಒಬ್ಬಳ ಕೈಯಲ್ಲಿ ಕರಾರು ಪತ್ರವಿತ್ತು. ಇನ್ನೊಬ್ಬಳ ಕೈಯಲ್ಲಿ ಏನೂ ಇರಲಿಲ್ಲ. ಬರಹಗಾರ್ತಿಯ ಯೋಗ್ಯತೆಗಿಂತ ಹೆಚ್ಚಾಗಿ ಆ ಒಂದು ಕಾಗದ ಮಕ್ಕಳ ಪಾಲಿಗೆ ಅನ್ನವಾಯಿತು.

ಕೊನೆಯ ನವೆಂಬರ್

ಬಾಳಿನ ಕೊನೆಯ ವರ್ಷಗಳಲ್ಲಿ ಷಾರ್ಲೆಟ್ ಹುಟ್ಟೂರು ಹಿಂಕ್ಲಿಗೆ ಮರಳಿದಳು. ಅಷ್ಟರಲ್ಲಿ ಆಕೆಯ ಕಾದಂಬರಿಗಳ ಸಂಖ್ಯೆ ನೂರನ್ನು ಮೀರಿತ್ತು. ಇಪ್ಪತ್ತೊಂದು ವರ್ಷಗಳ ದಾಂಪತ್ಯ, ಒಂಬತ್ತು ಹೆರಿಗೆ, ನೂರಕ್ಕೂ ಹೆಚ್ಚು ಕಾದಂಬರಿ. ಈ ಲೆಕ್ಕವನ್ನು ಒಮ್ಮೆ ಬೆರಳೆಣಿಸಿ ನೋಡಿ, ಆ ಕೈ ಎಷ್ಟು ದಣಿದಿರಬೇಕು!

1884ರ ನವೆಂಬರ್ 25ರಂದು ಆ ಕೈ ನಿಂತಿತು. ಆಕೆಗೆ 48 ವರ್ಷ. ಸಕಲ ಸಂತರ ದಿನ ಹುಟ್ಟಿದವಳು, ಮೃತರಿಗಾಗಿ ನಾವು ಪ್ರಾರ್ಥಿಸುವ ಅದೇ ತಿಂಗಳಲ್ಲಿ ಕಣ್ಮುಚ್ಚಿದಳು. ಅಮೆರಿಕದಲ್ಲಿ ಅಷ್ಟೊಂದು ಪುಸ್ತಕ ಮಾರಿದ ಲೇಖಕಿ ಬಿಟ್ಟುಹೋದದ್ದು ಸಾಲ. ಮಕ್ಕಳನ್ನು ಪೋಷಕರ ಸುಪರ್ದಿಗೆ ಒಪ್ಪಿಸಬೇಕಾಯಿತು. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ, 1886ರ ಮೇ ತಿಂಗಳಲ್ಲಿ, ಫಿಲಿಪ್ ತನ್ನ ಕೈಯಾರೆ ಪ್ರಾಣ ಕಳೆದುಕೊಂಡ. ಆತನನ್ನು ತೂಗಿ ನೋಡುವ ತಕ್ಕಡಿ ನಮ್ಮ ಕೈಯಲ್ಲಿಲ್ಲ. ದೇವರ ದಯೆಗೆ ಆತನನ್ನೂ ಒಪ್ಪಿಸೋಣ.

ವಿದೇಶೀ ಲೇಖಕರಿಗೂ ಅಮೆರಿಕದಲ್ಲಿ ಹಕ್ಕುಸ್ವಾಮ್ಯ ಸಿಗುವಂತೆ ಮಾಡಿದ ಕಾಯಿದೆಗೆ ಅಂಕಿತ ಬಿದ್ದದ್ದು 1891ರ ಮಾರ್ಚ್ 3ರಂದು. ಷಾರ್ಲೆಟ್ ತೀರಿಹೋಗಿ ಆಗಲೇ ಆರು ವರ್ಷ ದಾಟಿತ್ತು.

ಸತ್ತರೂ ಬರೆಯುತ್ತಲೇ ಇದ್ದ ಹೆಸರು

ಕಥೆ ಇಲ್ಲಿಗೆ ಮುಗಿಯಲಿಲ್ಲ, ಓದುಗರೇ. ತಾಯಿ ತೀರಿಹೋದಳು, ಆದರೆ ಬರ್ತಾ ಎಂ. ಕ್ಲೇ ತೀರಿಹೋಗಲಿಲ್ಲ! ಲಾಭ ತರುತ್ತಿದ್ದ ಆ ಹೆಸರನ್ನು ಬಿಡಲು ಪ್ರಕಾಶಕರಿಗೆ ಮನಸ್ಸಾಗಲಿಲ್ಲ. ಕೂಲಿ ಬರಹಗಾರರನ್ನು ಗೊತ್ತುಮಾಡಿ ಅದೇ ಹೆಸರಿನಲ್ಲಿ ಹೊಸ ಹೊಸ ಪ್ರೇಮಕಥೆಗಳನ್ನು ಬರೆಸಿದರು. ಬರೆದವರಲ್ಲಿ ಗಂಡಸರೂ ಇದ್ದರು. ನಿಕ್ ಕಾರ್ಟರ್ ಎಂಬ ಪತ್ತೇದಾರನನ್ನು ಸೃಷ್ಟಿಸಿದ ಜಾನ್ ಕೋರಿಯೆಲ್ ಅವರಲ್ಲೊಬ್ಬ. ಪಿಸ್ತೂಲು, ಕೊಲೆಗಳ ಕಥೆ ಬರೆದ ಕೈಯೇ ಬರ್ತಾಳ ಹೆಸರಿನಲ್ಲಿ ಹೆಣ್ಣಿನ ಕಣ್ಣೀರನ್ನೂ ಬರೆಯಿತು. 20ನೇ ಶತಮಾನದಲ್ಲಿ ಬರ್ತಾ ಕ್ಲೇ ಲೈಬ್ರರಿ ಎಂಬ ಮಾಲೆಯೇ ಬಂತು. ಯಾವುದು ಷಾರ್ಲೆಟ್‌ಳದು, ಯಾವುದು ಪರರದು ಎಂದು ಬೇರ್ಪಡಿಸುವುದು ಸಂಶೋಧಕರಿಗೂ ಕಷ್ಟವಾಯಿತು. 1915ರಲ್ಲಿ ಡೋರಾ ಥಾರ್ನ್ ಅಮೆರಿಕದಲ್ಲಿ ಚಲನಚಿತ್ರವೂ ಆಯಿತು.

ಆ ಮಾತುಗಳು ಏಷ್ಯಾಖಂಡವನ್ನೂ ಮುಟ್ಟಿದವು. ಜಪಾನಿನ ಸುಯೆಮಾತ್ಸು ಕೆಂಚೋ ಎಂಬ ರಾಜಕಾರಣಿ ಕೇಂಬ್ರಿಜ್‌ನಲ್ಲಿ ಓದಿದವರು. ಅವರು 1888ರಿಂದ ಡೋರಾ ಥಾರ್ನ್ ಕಾದಂಬರಿಯನ್ನು ಜಪಾನೀ ಭಾಷೆಗೆ ತಂದರು. ಮುಂದೆ ಓಜಾಕಿ ಕೋಯೋ ಎಂಬ ಲೇಖಕರ ಕೊಂಜಿಕಿ ಯಾಶಾ ಎಂಬ ಕಾದಂಬರಿ 1897ರಿಂದ ಯೊಮಿಯುರಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಜಪಾನನ್ನೇ ಹುಚ್ಚೆಬ್ಬಿಸಿತು. ಹಣಕ್ಕಾಗಿ ಪ್ರೀತಿಯನ್ನು ಬಿಟ್ಟುಕೊಡುವ ಹೆಣ್ಣಿನ ಕಥೆ ಅದು. ಅದರ ಮೂಲ ಎಳೆ ಬರ್ತಾ ಕ್ಲೇ ಹೆಸರಿನ ಒಂದು ಕಾದಂಬರಿಯದೆಂದು ಅಲ್ಲಿನ ಸಂಶೋಧಕರು ನೂರು ವರ್ಷಗಳ ನಂತರ ಗುರುತಿಸಿದರು. ಅದೇ ಕಥೆ 1913ರಲ್ಲಿ ಕೊರಿಯಾದ ವೇಷವನ್ನೂ ತೊಟ್ಟಿತು. ಹಿಂಕ್ಲಿಯ ತಾಯಿಯ ಹೆಸರು ಮಾತ್ರ ಎಲ್ಲೂ ಜೊತೆಗೆ ಹೋಗಲಿಲ್ಲ.

ನಮಗೆ ಉಳಿದದ್ದು

ಷಾರ್ಲೆಟ್ ಬ್ರೇಮ್ ಸಂತಳೆಂದು ನಾವು ಹೇಳುತ್ತಿಲ್ಲ. ಆಕೆಯ ಕಾದಂಬರಿಗಳನ್ನು ಇಂದು ಓದುವವರೂ ವಿರಳ. ಆದರೂ ಆಕೆಯ ಬಾಳು ನಮ್ಮ ಮನೆಗಳ ಮುಂದೆ ಕೆಲವು ಪ್ರಶ್ನೆಗಳನ್ನು ಇಡುತ್ತದೆ.

ನಿಮ್ಮ ಮನೆಯಲ್ಲಿಯೂ ಒಬ್ಬ ತಾಯಿ, ಒಬ್ಬ ಅಕ್ಕ, ಒಬ್ಬ ಅತ್ತೆ ಇರಬಹುದು. ಆಕೆಯ ದುಡಿಮೆ ಎಲ್ಲರ ತಟ್ಟೆಯಲ್ಲಿದೆ, ಆಕೆಯ ಹೆಸರು ಯಾವ ಕಾಗದದಲ್ಲೂ ಇಲ್ಲ. ಮನೆಪತ್ರದಲ್ಲಿಲ್ಲ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿಲ್ಲ. ಹೊಲಿಗೆ ಹಾಕಿ, ಹೈನು ಮಾರಿ, ಬೀಡಿ ಕಟ್ಟಿ ಆಕೆ ತಂದ ಹಣ ಯಾರ ಕೈ ಸೇರುತ್ತಿದೆ? ಗಂಡನ ಕುಡಿತದ ಸಾಲಕ್ಕೆ ಅದು ಹೋಗುತ್ತಿದ್ದರೆ, ನೆಂಟರಾದ ನಾವು ಅದು ಅವರ ಮನೆಯ ಮಾತು ಎಂದು ಸುಮ್ಮನಿರಬಹುದೇ? ಉಯಿಲು ಬರೆಯುವುದು ಅಪಶಕುನವೆಂದು ಮುಂದೂಡುವವರು ಮೇ ಆಗ್ನೆಸ್ ಫ್ಲೆಮಿಂಗ್‌ಳ ಮಕ್ಕಳನ್ನೂ ಷಾರ್ಲೆಟ್‌ಳ ಮಕ್ಕಳನ್ನೂ ಒಮ್ಮೆ ಅಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಲಿ.

ಹಾಗೆಯೇ ಇನ್ನೊಂದು ಮಾತು. ಪರರ ಪುಸ್ತಕವನ್ನು ಪುಟಪುಟವೂ ಪ್ರತಿ ತೆಗೆಸುವಾಗ, ಪರರ ಹಾಡನ್ನು ಹೆಸರಿಲ್ಲದೆ ಹಂಚುವಾಗ, ಮನೆಗೆಲಸದಾಕೆಯ ಸಂಬಳವನ್ನು ನಾಳೆ ಕೊಟ್ಟರಾಯಿತು ಎನ್ನುವಾಗ, ಆ ಹಳೆಯ ಪ್ರಕಾಶಕರು ನಮ್ಮ ನೆನಪಿಗೆ ಬರಲಿ. ಅವರೇನೂ ರಾಕ್ಷಸರಲ್ಲ. ಯಾರೂ ಕೇಳುವುದಿಲ್ಲವೆಂದು ತೆಗೆದುಕೊಂಡವರು, ಅಷ್ಟೇ. ಕೇಳುವವರಿಲ್ಲದ ಕಡೆ ನಾವು ಹೇಗೆ ನಡೆಯುತ್ತೇವೆ ಎಂಬುದೇ ನಮ್ಮ ಪರೀಕ್ಷೆ.

ಮುಂದಿನ ನವೆಂಬರ್ ತಿಂಗಳಲ್ಲಿ ಮೃತರಿಗಾಗಿ ಪ್ರಾರ್ಥಿಸುವಾಗ ನಿಮ್ಮ ಮನೆಯ ಹಿರಿಯರ ಹೆಸರುಗಳ ಜೊತೆಗೆ ಈ ತಾಯಿಯ ಹೆಸರನ್ನೂ ಸೇರಿಸಿ. ಬರ್ತಾ ಎಂದಲ್ಲ, ಷಾರ್ಲೆಟ್ ಎಂದು. ಲೋಕ ತಿರುವಿ ಹಾಕಿದ ಆ ಹೆಸರನ್ನು ನಾವಾದರೂ ನೆಟ್ಟಗೆ ಕರೆಯೋಣ.